ಎಣ್ಣೆಯ ಲಾನ್‌ಶ್ಯಾಂಗ್ ಮತ್ತು ಬಾಕಿ ಉಳಿದ ಒಂದು ಮಾತು

ಕೋ ಲಾನ್‌ಶ್ಯಾಂಗಳ ಅಂಗಡಿಯಲ್ಲಿ ಚೌಕಾಸಿ ಮಾಡುವವನು ಒಂದೋ ಪರಊರಿನವನು, ಇಲ್ಲವೇ ಕೈ ತಿರುಚಿಸಿಕೊಳ್ಳಲೆಂದೇ ಬಂದವನು ಎಂದು ನಮ್ಮ ಶುವಾಂಗ್‌ಜಿಂಗ್ ಊರಿನವರು ಹೇಳುತ್ತಿದ್ದರು. ಅವಳು ಬೀದಿಗಿಳಿದರೆ ನಾಯಿಗಳು ಬೊಗಳುವುದಿಲ್ಲ, ಶಾಲೆಯ ಮಕ್ಕಳಂತೆ ಸಾಲಾಗಿ ಕೂರುತ್ತವೆ ಎನ್ನುತ್ತಿದ್ದರು. ಅವಳು ಮದುವೆಯಾಗದೆ ಉಳಿದದ್ದಕ್ಕೂ ಒಂದು ಕಥೆ ಕಟ್ಟಿದ್ದರು: ನೋಡಲು ಬಂದ ಗಂಡು ಚಹಾದ ಬಟ್ಟಲು ಈಸಿಕೊಳ್ಳುವಾಗ ಇಬ್ಬರ ಮಣಿಕಟ್ಟು ತಗುಲಿತಂತೆ, ಅವನು ಹಿತ್ತಲ ಬಾಗಿಲಿನಿಂದ ಓಡಿದನಂತೆ. ಇದು ಶುದ್ಧ ಸುಳ್ಳು. ಅವನು ಮುಂಬಾಗಿಲಿನಿಂದಲೇ ಓಡಿದ. ಎದುರು ಮನೆಯ ನಮ್ಮಪ್ಪ ಕಣ್ಣಾರೆ ಕಂಡಿದ್ದ. ಅಪ್ಪನ ಕತ್ತೆಮಾಂಸದ ರೊಟ್ಟಿ ಅಂಗಡಿಯೂ ಆ ಎದುರು ಮನೆಯೂ ಈಗ ನನ್ನವು.

ಕೊನೆಯ ಒಂದೂಕಾಲು ವರ್ಷ ಮಾತ್ರ ಊರು ಈ ತಮಾಷೆಗಳನ್ನೆಲ್ಲ ಮರೆತು ಒಂದೇ ಮಾತು ಆಡಿತು. ‘ದುಡ್ಡಿಗೆ ಗೆದ್ದ ಮುದುಕಿ’ ಎಂದಿತು.

ಲಾನ್‌ಶ್ಯಾಂಗಳದು ಎಳ್ಳೆಣ್ಣೆಯ ಮನೆ. ಹುರಿದ ಎಳ್ಳನ್ನು ಕೈಯಿಂದ ತಿರುಗಿಸುವ ಕಲ್ಲಿನಲ್ಲಿ ನುಣ್ಣಗೆ ಬೀಸಿ, ಬಿಸಿನೀರು ಹಾಕಿ ಅಲುಗಾಡಿಸಿ ಎಣ್ಣೆ ತೇಲಿಸುವುದು ಅವರ ಕಸುಬು. ಆ ಕಲ್ಲಿನ ಸುತ್ತಿನಿಂದಲೇ ಹುಟ್ಟಿದ್ದು ಅವರ ವಂಶದ ಬೀಸು ವರಸೆ. ಎದುರಾಳಿ ಬಲ ಹಾಕಿದಷ್ಟೂ ಅವನ ತೋಳನ್ನು ಕಲ್ಲಿನ ಗೂಟದಂತೆ ಸುತ್ತಿಸಿ, ಅವನ ಬಲವನ್ನು ಅವನಿಗೇ ಹಿಂದಿರುಗಿಸುವುದು. ಅವಳಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಕಲ್ಲನ್ನೂ ವರಸೆಯನ್ನೂ ಒಟ್ಟಿಗೇ ಮಗಳ ಕೈಗಿಟ್ಟ. ಕೀಲು ಕೂರಿಸುವ ವಿದ್ಯೆಯೂ ಅದರ ಜೊತೆಗೇ ಬಂತು. ಕೀಲು ಬಿಚ್ಚಿದ ಕೈಯೇ ಅದನ್ನು ಕಟ್ಟಬೇಕು ಎಂಬುದು ಆ ಮನೆಯ ನಿಯಮ.

ಇನ್ನೊಂದು ನಿಯಮವಿತ್ತು, ಅದು ನಮ್ಮ ಸುತ್ತಿನ ನಾಲ್ಕು ಹಳ್ಳಿಗಳಿಗೂ ಸೇರಿದ್ದು. ಕೈ ಕೈ ಸೇರಿಸಿ ಸೆಣಸಿದ ಮೇಲೆ ಗೆದ್ದವರು ಒಂದು ಹೆಜ್ಜೆ ಹಿಂದೆ ಸರಿದು, ಮುಷ್ಟಿಯನ್ನು ಅಂಗೈಗೆ ಸೇರಿಸಿ ‘ನೀವು ಬಿಟ್ಟುಕೊಟ್ಟಿರಿ’ ಅನ್ನಬೇಕು. ಸೋತವರು ‘ಕಲಿತೆ’ ಅನ್ನಬೇಕು. ಈ ಎರಡು ಮಾತು ಸೇರಿದರೆ ಪಂದ್ಯ ಮುಗಿಯಿತು. ಒಂದೇ ಆದರೆ ಬಾಕಿ. ಹನ್ನೆರಡರ ವಯಸ್ಸಿನಲ್ಲಿ ಲಾನ್‌ಶ್ಯಾಂಗ್ ಚಿಕ್ಕಪ್ಪನ ಮಗನನ್ನು ಕೆಡವಿ ‘ಗೆದ್ದೆ!’ ಎಂದು ಕುಣಿದಳಂತೆ. ಅಪ್ಪ ಹೊಡೆಯಲಿಲ್ಲ. ಎಳ್ಳೇ ಇಲ್ಲದ ಬರಿಯ ಕಲ್ಲನ್ನು ಸಂಜೆಯವರೆಗೂ ತಿರುಗಿಸು ಎಂದ. ಅಂಗೈ ಬೊಬ್ಬೆಯೆದ್ದಾಗ ಪಕ್ಕದಲ್ಲಿ ಕೂತು ಹೇಳಿದನಂತೆ: "ನೋಡು ಮಗಾ, ಗೆದ್ದೆ ಅಂದೋರ ಮನೆಗೆ ನಾಳೆ ಇನ್ನೊಬ್ಬ ಹೊಡೆಯೋಕೆ ಬರ್ತಾನೆ. ಬಿಟ್ಟುಕೊಟ್ರಿ ಅಂದೋರ ಮನೆಗೆ ಸೋತವನೇ ಚಹಾಕ್ಕೆ ಬರ್ತಾನೆ."

ಅವಳ ಅಂಗಳದಲ್ಲಿ ಒಂದು ಕಾಲಕ್ಕೆ ಚಳಿಗಾಲದ ಬೆಳಿಗ್ಗೆ ನಲವತ್ತು ಜನ ಸೇರುತ್ತಿದ್ದರು. ಅರವತ್ತೇಳು ತುಂಬುವ ಹೊತ್ತಿಗೆ ಹನ್ನೊಂದಕ್ಕೆ ಇಳಿದಿತ್ತು. ಹೆದ್ದಾರಿಯ ಪಕ್ಕ ಪ್ರವಾಸಿಗರಿಗೆಂದು ‘ವರಸೆ ಪಟ್ಟಣ’ ಎದ್ದಿತ್ತಲ್ಲ, ಅಲ್ಲಿ ಹನ್ನೆರಡು ದಿನಕ್ಕೆ ಪ್ರಮಾಣಪತ್ರ, ಮೇಲೊಂದು ರೇಷ್ಮೆಯ ಅಂಗಿ. ಲಾನ್‌ಶ್ಯಾಂಗ್ ಕೊಡುತ್ತಿದ್ದದ್ದು ಮೂರು ವರ್ಷ ಬರೀ ನಿಲ್ಲುವ ಭಂಗಿ, ಮೇಲೊಂದಿಷ್ಟು ಬೈಗುಳ.

ಆ ಪಟ್ಟಣದ ಮ್ಯಾನೇಜರ್ ಫೆಂಗ್ ಒಂದು ದಿನ ಎಣ್ಣೆ ಕೊಳ್ಳುವ ನೆಪದಲ್ಲಿ ಬಂದ.

"ಅಜ್ಜಿ, ನಿಮ್ಮಂಥವರು ಹೀಗೆ ಮೂಲೇಲಿ ಕೂತ್ರೆ ಹೇಗೆ? ನಮ್ಮ ವೇದಿಕೇಲಿ ಒಂದು ಪಂದ್ಯ ಆಡಿ, ಜನ ನೋಡ್ಬೇಕು."

"ಜನ ನೋಡಿದ್ರೆ ಎಣ್ಣೆ ಬೀಳತ್ತಾ?"

"ಎಣ್ಣೇನೂ ಬೀಳತ್ತೆ, ಹೆಸರೂ ಬೀಳತ್ತೆ."

"ಹೆಸರು ಬೀಳೋದೇ ನಂಗೆ ಭಯ ಕಣಪ್ಪ."

ಹಾಗೆಂದಳೇ ಹೊರತು ಇಲ್ಲ ಅನ್ನಲಿಲ್ಲ. ಫೆಂಗ್ ಊರಿನ ಮಕ್ಕಳಿಗೆ ವರಸೆ ಕಲಿಯಲು ಬೆಚ್ಚನೆಯ ಹಜಾರ ಕಟ್ಟಿಸಿಕೊಡುವ ಮಾತಾಡಿದ್ದ. ತನ್ನ ನಂತರ ಈ ವರಸೆ ಉಳಿಯಬೇಕೆಂಬ ಆಸೆ ಅವಳಿಗೂ ಇತ್ತು. ತುಸು ಹೆಮ್ಮೆಯೂ ಇದ್ದಿರಬೇಕು, ಇಲ್ಲದಿದ್ದರೆ ಹೊಸ ಕಪ್ಪು ಬಟ್ಟೆಯ ಬೂಟು ಏಕೆ ಹೊಲಿಸಿಕೊಳ್ಳುತ್ತಿದ್ದಳು?

ಪಂದ್ಯ ನಡೆದದ್ದು ಎಂಟನೇ ತಿಂಗಳ ಹುಣ್ಣಿಮೆ ಕಳೆದ ಮೂರನೇ ದಿನ. ಎದುರಾಳಿ ಶಾಂಗ್ ಕ್ವೋ, ಈಶಾನ್ಯದ ಕಡೆಯ ಹುಡುಗ, ಇಪ್ಪತ್ತಾರು ವರ್ಷ, ಪಂಜರದೊಳಗೆ ಕಾದಾಡಿ ಹೊಟ್ಟೆ ಹೊರೆಯುವವನು, ಕತ್ತು ನನ್ನ ತೊಡೆಯಷ್ಟು ದಪ್ಪ. ‘ಮುದುಕಿ, ಹುಷಾರು. ಮೂರು ನಿಮಿಷ ಸುಮ್ಮನೆ ಕುಣಿ’ ಎಂದು ಫೆಂಗ್ ಅವನಿಗೆ ಹೇಳಿದ್ದ. ಇವಳಿಗೆ ಮಾತ್ರ ‘ನಿಜವಾದ ಕೈ ತೋರಿಸಿ’ ಎಂದಿದ್ದ. ಇಬ್ಬರ ಕೊರಳಪಟ್ಟಿಗೂ ಮೈಕು ಸಿಕ್ಕಿಸಿದ್ದರು.

ಮೊದಲ ನಿಮಿಷ ಶಾಂಗ್ ನಗುತ್ತ ಕುಣಿದ. ಎರಡು ಸಲ ತೋಳು ಚಾಚಿದ. ಎರಡು ಸಲವೂ ತಾನೇಕೆ ಜನರ ಕಡೆ ಮುಖ ಮಾಡಿ ನಿಂತಿದ್ದೇನೆಂದು ತಿಳಿಯದೆ ಕಣ್ಣು ಮಿಟುಕಿಸಿದ. ಜನ ನಕ್ಕರು. ಹಿಂದಿನಿಂದ ಯಾರೋ ಕೂಗಿದರು: "ಏಯ್ ಕೋಣ, ಗಾಣ ಸುತ್ತೋಕೆ ಬಂದಿದೀಯಾ?"

ಅವನ ಮುಖ ಬದಲಾದದ್ದನ್ನು ಮುಂದಿನ ಸಾಲಿನ ನಾವೆಲ್ಲ ಕಂಡೆವು. ನನ್ನ ಪಕ್ಕದಲ್ಲಿದ್ದ ಜಾಯ್ ಶ್ಯೂಪಿಂಗ್ ನನ್ನ ರಟ್ಟೆ ಹಿಡಿದಳು. ಶಾಲೆಯಲ್ಲಿ ಅಡುಗೆ ಮಾಡುವ ಅವಳು ಲಾನ್‌ಶ್ಯಾಂಗಳ ಹಿರಿಯ ಶಿಷ್ಯೆ. "ಈಗ ಬರ್ತಿರೋದು ಆಟದ ಕೈ ಅಲ್ಲ" ಎಂದಳು. ಬಲಗೈ ಗುದ್ದು ಬಂತು, ಭುಜ ಸೊಂಟ ಎಲ್ಲವನ್ನೂ ಹಿಂದಿಟ್ಟುಕೊಂಡು ಬಂತು. ಲಾನ್‌ಶ್ಯಾಂಗ್ ಸರಿಯಲಿಲ್ಲ, ಮುಂದಕ್ಕೆ ಹೋದಳು. ಅವಳ ಎರಡು ಅಂಗೈ ಅವನ ತೋಳಿನ ಮೇಲೆ ಒಂದು ಸುತ್ತು ಸುತ್ತಿದ್ದಷ್ಟೇ ಕಾಣಿಸಿತು. ಮರುಗಳಿಗೆ ಶಾಂಗ್ ನೆಲದ ಮೇಲೆ ಕೂತಿದ್ದ, ಯಾರೋ ಕುರ್ಚಿ ಎಳೆದವರಂತೆ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಮುಷ್ಟಿಯನ್ನು ಅಂಗೈಗೆ ಸೇರಿಸಿದಳು. "ನೀವು ಬಿಟ್ಟುಕೊಟ್ಟಿರಿ" ಎಂದಳು.

ಮತ್ತೆ ಕಾದಳು. ನಾವೂ ಉಸಿರು ಹಿಡಿದು ಕಾದೆವು. ಈ ಮಾತಿಗೊಂದು ಉತ್ತರವಿದೆಯೆಂದು ಶಾಂಗ್‌ಗೆ ಗೊತ್ತಿರಲಿಲ್ಲ. ಅವನು ಅವಳನ್ನು ನೋಡಿದ. ಆಮೇಲೆ ತಲೆಯ ಮೇಲಿನ ದೊಡ್ಡ ಪರದೆ ನೋಡಿದ, ಅಲ್ಲಿ ಅವಳ ಮಾತು ಅಕ್ಷರವಾಗಿ ಓಡುತ್ತಿತ್ತು. ಎದ್ದು ನಿಂತು ಜೋರಾಗಿ ನಕ್ಕ.

"ಕೇಳಿದ್ರಾ? ಅಜ್ಜಿನೇ ಹೇಳ್ತಿದಾರೆ, ನಾನು ಬಿಟ್ಟುಕೊಟ್ಟೆ ಅಂತ!"

ಜನ ಹೋ ಎಂದರು. ಅವನು ಎಡಗೈ ಬೀಸುತ್ತ ಇಳಿದುಹೋದ. ಲಾನ್‌ಶ್ಯಾಂಗ್ ಕೈ ಜೋಡಿಸಿಕೊಂಡೇ ನಿಂತಿದ್ದಳು. ಶ್ಯೂಪಿಂಗ್ ಹೋಗಿ ಕರೆತರಬೇಕಾಯಿತು.

ಸಂಜೆಯೊಳಗೆ ಆ ಒಂದು ಮಾತು ಎಲ್ಲರ ಫೋನಿಗೂ ಬಂದಿತ್ತು. ಮುದುಕಿ ತಾನೇ ಒಪ್ಪಿಕೊಂಡಳು, ಎಲ್ಲ ಮೊದಲೇ ಮಾತಾಗಿತ್ತು, ಹಳೆಯ ವರಸೆಗಳೆಲ್ಲ ಹೀಗೆಯೇ ಎಂದು ದೇಶದ ಮೂಲೆಮೂಲೆಯವರು ಬರೆದರು. ನಮ್ಮ ನಾಲ್ಕು ಹಳ್ಳಿಯವರಿಗೆ ಮಾತಿನ ಅರ್ಥ ಗೊತ್ತಿತ್ತು, ಆದರೆ ಊರ ಹೆಸರು ಕೆಟ್ಟಾಗ ಅರ್ಥ ಯಾರಿಗೆ ಬೇಕು? "ಅಲ್ಲಿ ಹೋಗಿ ಯಾಕೆ ಆ ಮಾತು ಆಡ್ಬೇಕಿತ್ತು?" ಎಂದು ಶುರುವಾದದ್ದು, ಹತ್ತು ದಿನದಲ್ಲಿ "ಏನೋ ಈಸ್ಕೊಂಡೇ ಇರ್ತಾಳೆ ಬಿಡಿ" ಎಂಬಲ್ಲಿಗೆ ಬಂತು. ಹನ್ನೊಂದು ಜನ ಶಿಷ್ಯರಲ್ಲಿ ಇಬ್ಬರು ಉಳಿದರು: ಶ್ಯೂಪಿಂಗ್, ಮತ್ತು ಕಿವಿ ಕೇಳದ ಒಬ್ಬ ಕ್ಷೌರಿಕ.

ಪಂದ್ಯ ಕಳೆದ ಇಪ್ಪತ್ತೈದನೇ ದಿನವೋ ಏನೋ, ನನ್ನ ಅಂಗಡಿಯಲ್ಲಿ ರೊಟ್ಟಿ ತಿನ್ನುತ್ತ ಶ್ಯೂಪಿಂಗ್ ಫೋನಿನ ವೀಡಿಯೋದಲ್ಲಿ ಶಾಂಗ್ ಹರಟೆ ಹೊಡೆಯುವುದನ್ನು ನೋಡುತ್ತ ಶಪಿಸುತ್ತಿದ್ದಳು. ಪಕ್ಕದಲ್ಲಿದ್ದ ಲಾನ್‌ಶ್ಯಾಂಗ್ ಬಗ್ಗಿ ನೋಡಿದಳು.

"ಮತ್ತೆ ತೋರ್ಸೇ ಅದನ್ನ."

"ಇವನ ಮುಖ ಎಷ್ಟು ಸಲ ನೋಡ್ತೀಯ ಗುರುವೇ?"

"ಮುಖ ಯಾರಿಗೆ ಬೇಕು? ಚಹಾ ಲೋಟ ನೋಡು. ಎಡಗೈಲಿ ಎತ್ತುತ್ತಿದಾನೆ."

"ಎಡಚ ಇರ್ಬೇಕು."

"ನನ್ನ ಮೇಲೆ ಬಂದ ಕೈ ಯಾವ್ದು ಅಂತ ನಂಗೊತ್ತಿಲ್ವಾ? ಅವತ್ತು ಅಂಗೈ ಕೆಳಗೆ ಮೊಣಕೈ ಅವರೆಕಾಳಿನ ಹಾಗೆ ಜಾರಿತು. ವಾಪಸ್ ಕೂತಿರತ್ತೆ ಅಂದ್ಕೊಂಡಿದ್ದೆ. ಕೂತಿಲ್ಲ." ಬೆರಳು ಮಡಚಿ ಎಣಿಸಿದಳು. "ನಲವತ್ತು ದಿನ. ಆಮೇಲೆ ಆ ಕೀಲು ಕಲ್ಲಾಗತ್ತೆ."

ಶ್ಯೂಪಿಂಗ್ ರೊಟ್ಟಿ ಕೆಳಗಿಟ್ಟಳು. ಅವಳ ಕಣ್ಣು ಹೊಳೆದದ್ದು ನನಗೆ ನೆನಪಿದೆ.

"ಗುರುವೇ, ಇದೇ ಸಾಕ್ಷಿ! ಬಿಟ್ಟುಕೊಟ್ಟವನ ಕೈ ಹೇಗೆ ಜಾರತ್ತೆ? ಅವನನ್ನ ಎಲ್ಲರ ಮುಂದೆ ಬಲಗೈ ಎತ್ತು ಅನ್ನೋಣ, ಸಾಕು!"

"ಆಮೇಲೆ?"

"ಆಮೇಲೆ ನಮ್ಮ ಹೆಸರು ಉಳಿಯತ್ತೆ."

"ಅವನ ಅನ್ನ?" ಹನ್ನೊಂದನೇ ತಿಂಗಳು ತಿಯಾನ್‌ಜಿನ್ ನಗರದಲ್ಲಿ ಅವನಿಗೆ ದೊಡ್ಡ ಪಂದ್ಯವಿತ್ತು. ಏಟಾಗಿದೆ ಎಂದು ಗೊತ್ತಾದರೆ ಕರಾರು ಹರಿಯುತ್ತಿತ್ತು. ಅದಕ್ಕೇ ಅವನು ವೈದ್ಯರ ಹತ್ತಿರವೂ ಹೋಗದೆ ನಗುತ್ತ ಕೂತಿದ್ದ.

"ಅವ್ನು ನಿನ್ನ ಅನ್ನಕ್ಕೆ ಮಣ್ಣು ಹಾಕ್ಲಿಲ್ವಾ?"

"ಹಾಕ್ದ. ತೊಳ್ಕೊಂಡು ತಿಂತೀನಿ. ನೀನು ರೊಟ್ಟಿ ತಿನ್ನು."

ಶ್ಯೂಪಿಂಗ್ ರೊಟ್ಟಿ ತಿನ್ನಲಿಲ್ಲ. ಗುರುವಿನ ಮೇಲಿನ ಪ್ರೀತಿಗೇ ಫೆಂಗ್‌ಗೆ ಹೋಗಿ ಎಲ್ಲ ಹೇಳಿಬಿಟ್ಟಳು. ಫೆಂಗ್ ಮರುದಿನವೇ ಹಾಜರು.

"ಅಜ್ಜಿ, ಮುಂದಿನ ವಾರ ಕ್ಯಾಮೆರಾ ತರ್ತೀನಿ. ನೀವು ಹೆಚ್ಚೇನೂ ಹೇಳೋದು ಬೇಡ. ‘ಅವನು ಬಿಟ್ಟುಕೊಡ್ಲಿಲ್ಲ, ನಾನೇ ಗೆದ್ದೆ, ಅವನ ಕೈ ನೋಡಿ.’ ಅಷ್ಟೇ. ಇಡೀ ದೇಶ ನಿಮ್ಮ ಹಿಂದೆ ಬರತ್ತೆ, ಹಜಾರಾನೂ ಏಳತ್ತೆ."

"ಬಿಟ್ಟುಕೊಟ್ರಿ ಅಂತ ಅಂದ ಮಾತನ್ನ ವಾಪಸ್ ತಗೊಳೋಕೆ ಅದೇನು ಎಣ್ಣೆ ಡಬ್ಬಾನಾ?"

"ಹಾಗಾದ್ರೆ ಹೇಳ್ಬೇಡಿ. ನಾವೇ ಅವನ ಮನೆಗೆ ಹೋಗಿ ಕೈ ಎತ್ತಿಸ್ತೀವಿ." ಫೆಂಗ್ ನಗುತ್ತಲೇ ಹೇಳಿದ, ಎಣ್ಣೆಯನ್ನೂ ಕೊಂಡುಹೋದ.

ಮೂವತ್ತೊಂದನೇ ದಿನ ಲಾನ್‌ಶ್ಯಾಂಗ್ ನನ್ನ ಮೂರು ಚಕ್ರದ ಗಾಡಿ ಹತ್ತಿ ಕೂತಳು. ಮಡಿಲಲ್ಲಿ ಒಂದು ಶೀಸೆ ಎಣ್ಣೆ. "ಜಿಲ್ಲಾ ಪಟ್ಟಣಕ್ಕೆ ನಡಿ. ಮಧ್ಯಾಹ್ನ ಊಟ ಆಗಿ ಎಲ್ಲ ಮಲಗೋ ಹೊತ್ತಿಗೆ ಅಲ್ಲಿರ್ಬೇಕು. ಗೋಡೆಗೆ ಹೇಳಿದ್ರೂ ನಿನ್ನ ಹಲ್ಲು ಬೀಸಿ ಎಣ್ಣೆ ತೆಗೀತೀನಿ, ಶಿಂಗ್" ಎಂದು ನನ್ನ ಹೆಸರು ಹಿಡಿದು ಗದರಿದಳು.

ಶಾಂಗ್ ಇದ್ದದ್ದು ಅವನು ತಾಲೀಮು ಮಾಡುವ ಕಟ್ಟಡದ ಮೇಲಿನ ಕೋಣೆಯಲ್ಲಿ. ಬಾಗಿಲು ತಟ್ಟಿದೆವು.

"ಯಾರು?"

"ಎಣ್ಣೆಯವಳು."

ಬಾಗಿಲು ತೆರೆದವನು ನಮ್ಮನ್ನು ಕಂಡು ಬಿಳಿಚಿದ. ಬೀದಿಯ ಕಡೆ ಇಣುಕಿ ನಮ್ಮಿಬ್ಬರನ್ನೂ ಒಳಗೆಳೆದು ಚಿಲಕ ಹಾಕಿದ. ನನ್ನ ಜೇಬಿಗೆ ಎಡಗೈ ಹಾಕಿ ಫೋನು ಕಿತ್ತುಕೊಂಡ. "ಕ್ಯಾಮೆರಾ ಎಲ್ಲಿಟ್ಟಿದೀರ? ಯಾರು ಕಳ್ಸಿದ್ದು? ಫೆಂಗ್ ತಾನೇ?" ಹೆದರಿದ ಬಲಿಷ್ಠನಷ್ಟು ಅಪಾಯದವನು ಇನ್ನೊಬ್ಬನಿಲ್ಲ. ನಾನು ಗೋಡೆಗೆ ಅಂಟಿಕೊಂಡೆ.

"ಕೈ ಕೊಡು" ಎಂದಳು ಲಾನ್‌ಶ್ಯಾಂಗ್.

"ಯಾವ ಕೈ?"

"ಚಹಾ ಎತ್ತೋಕಾಗದ ಕೈ."

ಶಾಂಗ್ ನನ್ನ ಫೋನನ್ನು ಮೇಜಿನ ಮೇಲಿಟ್ಟ. ಆಮೇಲೆ ಅವನು ಮಂಚದ ಮೇಲೆ ಕೂತ. ಅಂಗಿ ಕಳಚಲು ಅವನಿಂದ ಆಗಲಿಲ್ಲ, ನಾನೇ ಕಳಚಿದೆ. ಮೊಣಕೈ ಬಿಸಿ ಬನ್ನಿನ ಹಾಗೆ ಊದಿತ್ತು. ಅವಳು ಎಣ್ಣೆ ಸುರಿದು ಉಜ್ಜಿದಳು. ಉಜ್ಜುತ್ತ ಉಜ್ಜುತ್ತ ಅವನ ಊರು, ತಾಯಿ, ಅಲ್ಲಿನ ಚಳಿ ಎಲ್ಲ ಕೇಳಿದಳು. ತೋಳನ್ನು ಕಲ್ಲಿನಂತೆ ಒಂದು ಸುತ್ತು ತಿರುಗಿಸಿದಳು, ಇನ್ನೊಂದು ಸುತ್ತು. ಅವನು "ಅಮ್ಮ ಈಗ ನನ್ನ ತಂಗಿ ಜೊತೆ..." ಅನ್ನುತ್ತಿರುವಾಗಲೇ ಮೂರನೆಯದು. ಟಕ್ ಎಂದಿತು. ಅವನು ಕೂಗಿದ ಕೂಗಿಗೆ ಇಡೀ ಬೀದಿಯ ನಿದ್ದೆ ಕೆಟ್ಟಿರಬೇಕು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಯಾರೋ ಬಾಗಿಲು ಗುದ್ದಿದರು. "ಶಾಂಗ್! ಏನಾಯ್ತೋ? ತೆಗಿ ಬಾಗ್ಲು!" ಅವನ ತರಬೇತುದಾರ. ಚಿಲಕ ಸರಿದರೆ ಎಣ್ಣೆ ಮೆತ್ತಿದ ಕೈಯೂ ನಾವೂ ಒಟ್ಟಿಗೇ ಸಿಕ್ಕಿಬೀಳುತ್ತಿದ್ದೆವು. ಶಾಂಗ್ ನಮ್ಮನ್ನು ನೋಡಿದ, ಹಣೆಯಲ್ಲಿ ಬೆವರು.

"ಏನಿಲ್ಲ ಸಾರ್! ಕನಸು!"

"ಕನಸಲ್ಲಿ ಯಾರಪ್ಪ ಹೊಡೆದಿದ್ದು?"

"ನಮ್ಮಜ್ಜಿ!"

ಹೊರಗೆ ನಗು. ಹೆಜ್ಜೆಗಳು ಇಳಿದುಹೋದವು. ಲಾನ್‌ಶ್ಯಾಂಗ್ ಎದ್ದು ಒಂದು ಹೆಜ್ಜೆ ಹಿಂದೆ ಸರಿದಳು. ಮುಷ್ಟಿಯನ್ನು ಅಂಗೈಗೆ ಸೇರಿಸಿ ನಿಂತಳು. ಏನೂ ಅನ್ನಲಿಲ್ಲ, ಅನ್ನಬೇಕಾದ್ದನ್ನು ಅವಳು ಆಗಲೇ ಅಂದಾಗಿತ್ತು. ಅವನಿಗೆ ಅರ್ಥವಾಗದೆ ನನ್ನ ಮುಖ ನೋಡಿದ. ನಾನು ತಡೆಯಲಾರದೆ, "ನಮ್ಮ ಕಡೆ ಗೆದ್ದೋರು ‘ಬಿಟ್ಟುಕೊಟ್ರಿ’ ಅಂತಾರಪ್ಪ. ಸೋತೋರು ‘ಕಲಿತೆ’ ಅಂತಾರೆ. ಅವತ್ತು ಅವಳು ಹೇಳಿದ್ದು ಅದು" ಎಂದೆ.

ಅವನ ಕಿವಿ ಕೆಂಪಾಯಿತು. ‘ಕಲಿತೆ’ ಮಾತ್ರ ಬರಲಿಲ್ಲ. ಆ ಒಂದು ಮಾತಿನ ಹಿಂದೆ ಅವನು ಮೂವತ್ತು ದಿನ ಆಡಿದ ಸುಳ್ಳುಗಳೆಲ್ಲ ಸಾಲುಗಟ್ಟಿ ನಿಂತಿದ್ದವು.

ಲಾನ್‌ಶ್ಯಾಂಗ್ ಕೈ ಇಳಿಸಿದಳು. "ಹತ್ತು ದಿನ ಈ ಎಣ್ಣೆ ಹಚ್ಚು. ಭಾರ ಎತ್ತಬೇಡ" ಎಂದಳು. ಗಾಡಿಯಲ್ಲಿ ನನಗೆ ಬೈದಳು: "ಹೇಳಿಕೊಟ್ಟ ಮಾತು ಮಾತೇನೋ, ಮಂಕೆ?"

ಮುಂದಿನ ವಾರ ಫೆಂಗ್ ಕ್ಯಾಮೆರಾ ತಂದ. ಅರ್ಧ ಊರು ಅವಳ ಅಂಗಳದಲ್ಲಿ ನಿಂತಿತ್ತು. ಶ್ಯೂಪಿಂಗ್ ಎಲ್ಲರ ಮುಂದೆ. "ಹೇಳಿ ಅಜ್ಜಿ, ಅವನ ಬಲಗೈ ಹೇಗಿದೆ?" ಎಂದ ಫೆಂಗ್.

"ಚೆನ್ನಾಗಿದೆ" ಎಂದಳು ಲಾನ್‌ಶ್ಯಾಂಗ್. "ಹೋಗಿ ನೋಡಿ."

ಹೋಗಿ ನೋಡಿದರು. ಶಾಂಗ್ ಕ್ಯಾಮೆರಾದ ಮುಂದೆ ಬಲಗೈ ಎತ್ತಿದ, ಮಡಚಿದ, ಚಾಚಿದ. ಇದ್ದ ಒಂದು ಸಾಕ್ಷಿಯನ್ನೂ ಅವಳೇ ತನ್ನ ಕೈಯಾರೆ ಕೂರಿಸಿ ಬಂದಿದ್ದಳು. ಶ್ಯೂಪಿಂಗ್ ಅಂದು ಅಂಗಳದಲ್ಲೇ ಕಿರುಚಿದಳು: "ಹಾಗಾದ್ರೆ ನಾನು ಸುಳ್ಳಿಯಾ ಗುರುವೇ? ಹೇಳು!" ಲಾನ್‌ಶ್ಯಾಂಗ್ ಕಲ್ಲು ತಿರುಗಿಸುತ್ತಲೇ ಇದ್ದಳು. ನನ್ನ ಹಲ್ಲುಗಳ ಹಿಂದೆ ಸತ್ಯ ಕುದಿಯುತ್ತಿತ್ತು, ನುಂಗಿದೆ. ಶ್ಯೂಪಿಂಗ್ ಮೂರು ವಾರ ಬರಲಿಲ್ಲ. ನಾಲ್ಕನೇ ವಾರ ಬಂದವಳು ಮಾತಿಲ್ಲದೆ ಭಂಗಿಯಲ್ಲಿ ನಿಂತಳು. "ಮಂಡಿ ಬಗ್ಗಿಸು" ಎಂದಳು ಗುರು. ಅಲ್ಲಿಗೆ ರಾಜಿ.

ಶಾಂಗ್ ತಿಯಾನ್‌ಜಿನ್‌ನಲ್ಲಿ ಗೆದ್ದ, ಬಲಗೈಯಿಂದಲೇ. ಊರು ಆ ಗುದ್ದನ್ನು ಮತ್ತೆ ಮತ್ತೆ ನೋಡಿತು. ಇಂಥವನನ್ನು ಇವಳು ಕೆಡವಿದಳಂತೆ ಎಂದು ಉಗುಳಿತು. ವರಸೆ ಪಟ್ಟಣದಲ್ಲಿ ರೇಷ್ಮೆ ಉಟ್ಟ ಒಬ್ಬ ನಟಿ ‘ಬೀಸು ವರಸೆಯ ಅಜ್ಜಿ’ಯಾಗಿ ದಿನಕ್ಕೆರಡು ಸಲ ಆರು ಗಂಡಸರನ್ನು ಬೀಳಿಸತೊಡಗಿದಳು. ಲಾನ್‌ಶ್ಯಾಂಗ್ ಟಿಕೆಟ್ ಕೊಂಡು ಒಂದು ಸಲ ನೋಡಿಬಂದಳು. ಹೇಗಿತ್ತು ಎಂದು ಕೇಳಿದೆ. "ಬೀಳೋರು ಚೆನ್ನಾಗಿ ಬೀಳ್ತಾರೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಪಾಪ, ಆ ಹೆಂಗಸಿನ ಬೂಟು ಕಚ್ಚುತ್ತೆ ಅಂತ ಕಾಣತ್ತೆ" ಎಂದಳು.

ಮರುವರ್ಷ ಹನ್ನೆರಡನೇ ತಿಂಗಳು, ಎಳ್ಳು ಹುರಿದು ಕಲ್ಲಿನ ಪಕ್ಕ ಕೂತವಳು ಏಳಲಿಲ್ಲ. ಕೈ ಗೂಟದ ಮೇಲೇ ಇತ್ತು. ಶ್ಯೂಪಿಂಗ್ ಅವಳ ಕಾಲಿಗೆ ಪಂದ್ಯದ ಆ ಕಪ್ಪು ಬೂಟನ್ನೇ ತೊಡಿಸಿದಳು.

ಮೂರನೇ ದಿನದ ಬೆಳಿಗ್ಗೆ ಶವದ ಪೆಟ್ಟಿಗೆ ಎತ್ತುವ ಹೊತ್ತಿಗೆ ಜಗಳ ಹತ್ತಿತು. ಪೆಟ್ಟಿಗೆ ಏಳುವ ಗಳಿಗೆಯಲ್ಲಿ, ಸತ್ತವರಿಗೆಂದು ಕಾಗದ ಸುಟ್ಟ ಮಣ್ಣಿನ ಬೋಗುಣಿಯನ್ನು ಮಗ ತಲೆಯ ಮೇಲೆತ್ತಿ ನೆಲಕ್ಕೆ ಅಪ್ಪಳಿಸಬೇಕು, ಒಂದೇ ಏಟಿಗೆ ಒಡೆಯಬೇಕು. ಮಗನಿಲ್ಲದವಳಿಗೆ ಯಾರು ಒಡೆಯುವುದು? ಹೆಂಗಸು ಒಡೆಯುವಂತಿಲ್ಲ ಎಂದರು ಹಿರಿಯರು. ಕ್ಷೌರಿಕನಿಗೆ ಪ್ರಶ್ನೆಯೇ ಕೇಳಿಸಲಿಲ್ಲ.

"ನಲವತ್ತು ಜನ ಗಂಡು ಶಿಷ್ಯರಿದ್ರಲ್ಲ, ಕರೀರಿ ನೋಡೋಣ, ಒಬ್ಬ ಬರ್ಲಿ!" ಎಂದು ಶ್ಯೂಪಿಂಗ್ ಬೋಗುಣಿ ಎತ್ತಿಕೊಂಡಳು. "ಬರಲ್ವಾ? ಹಾಗಾದ್ರೆ ಬಾಯಿ ಮುಚ್ಕೊಂಡು ಪಕ್ಕಕ್ಕೆ ನಿಲ್ಲಿ."

ಆಗ ಬಾಗಿಲಲ್ಲಿ ಜನ ಸರಿದರು. ಶಾಂಗ್ ಕ್ವೋ ನಿಂತಿದ್ದ. ಮನೆಮಗನಂತೆ ತಲೆಗೆ ಸೂತಕದ ಬಿಳಿ ಬಟ್ಟೆ ಸುತ್ತಿಕೊಂಡಿದ್ದ, ಕಟ್ಟಲು ಬಾರದೆ ಅದು ಒಂದು ಕಿವಿಯ ಮೇಲೆ ಜಾರಿತ್ತು. ಫೋನುಗಳು ಒಂದೊಂದಾಗಿ ಮೇಲೆದ್ದವು. ಯಾರೋ "ಇವ್ನಿಗೇನು ಕೆಲಸ ಇಲ್ಲಿ?" ಎಂದರು. ಇನ್ಯಾರೋ ಕಲ್ಲು ಹುಡುಕಿದರು. ಅವನು ನೇರ ಬಂದು ಶ್ಯೂಪಿಂಗ್ ಮುಂದೆ ಮಂಡಿಯೂರಿದ.

"ಅಕ್ಕ, ಆ ಬೋಗುಣಿ ನನಗೆ ಕೊಡಿ."

ಶ್ಯೂಪಿಂಗ್ ಕೊಡಲಿಲ್ಲ. ಆ ಬೋಗುಣಿ ಅವನ ತಲೆಯ ಮೇಲೇ ಒಡೆಯುತ್ತದೆಂದು ನಾನು ಕಣ್ಣು ಮುಚ್ಚಿದೆ.

"ಯಾವ ಕೈಯಲ್ಲಿ ಒಡೀತೀಯ?" ಎಂದಳು.

"ಬಲಗೈಯಲ್ಲಿ."

"ಬಲಗೈಗೆ ಏನಾಗಿತ್ತು?"

ಅವನು ಸುತ್ತಲೂ ಎದ್ದಿದ್ದ ಫೋನುಗಳನ್ನು ನೋಡಿದ. ಒಂದನ್ನೂ ಇಳಿಸಿ ಅನ್ನಲಿಲ್ಲ.

"ಇವರು ಬಿಚ್ಚಿದ್ರು" ಎಂದ. "ನಾನು ನಿಜವಾಗ್ಲೂ ಹೊಡೆಯೋಕೆ ಹೋಗಿದ್ದೆ. ಬಿಚ್ಚಿದ್ರು. ಆಮೇಲೆ ಇವರೇ ಬಂದು ಕಟ್ಟಿದ್ರು. ನಾನು ಯಾರಿಗೂ ಹೇಳಲಿಲ್ಲ."

ಶ್ಯೂಪಿಂಗ್ ನನ್ನ ಕಡೆ ತಿರುಗಿದಳು. ನಾನು ಹೌದೆಂದು ತಲೆ ಆಡಿಸಿದೆ. ಒಂದೂಕಾಲು ವರ್ಷದ ಮೇಲೆ ಮೊದಲ ಸಲ ನನ್ನ ದವಡೆ ಸಡಿಲವಾಯಿತು. ಅವಳು ಬೋಗುಣಿಯನ್ನು ಅವನ ಕೈಗಿಟ್ಟಳು. "ಒಂದೇ ಏಟಿಗೆ ಒಡೀಬೇಕು. ಒಡೀಲಿಲ್ಲ ಅಂದ್ರೆ ನಿನ್ನನ್ನ ಒಡೀತೀನಿ" ಎಂದಳು, ಅಳುತ್ತ.

ಹೆಗಲು ಕೊಡುವ ಎಂಟು ಜನ ಬಗ್ಗಿದರು. ಶಾಂಗ್ ಎದ್ದು ನಿಂತು ಬಲಗೈಯನ್ನು ನೆಟ್ಟಗೆ ತಲೆಯ ಮೇಲೆತ್ತಿದ. ಬೂದಿ ಅವನ ಕೂದಲ ಮೇಲೆ ಉದುರಿತು.

"ಕಲಿತೆ!" ಎಂದ. ಅಂಗಳದ ಆಚೆಗೂ ಕೇಳುವಂತೆ ಅಂದ.

ಬೋಗುಣಿ ಚೂರುಚೂರಾಯಿತು. ಎಂಟು ಜನ ಒಟ್ಟಿಗೆ ಎದ್ದರು. ಎಳ್ಳು ಹುರಿದ ವಾಸನೆ ಇನ್ನೂ ಆರದ ಆ ಮನೆಯ ಮುಂಬಾಗಿಲಿನಿಂದ, ಚೂರುಗಳನ್ನು ದಾಟಿಕೊಂಡು, ಕಪ್ಪು ಬೂಟು ತೊಟ್ಟ ಲಾನ್‌ಶ್ಯಾಂಗ್ ಹೊರಟಳು.